ಸೈಕಲ್ಲಿಗೆ ಬೀಗ, ಸೈಕಲ್ಲಿಗೆ ಜಾಗ

(ಪುರಸಭೆಗೆ ಮನವಿ ಒಪ್ಪಿಸುವ ಹಿಂದಿನ ಸಂಜೆ ಸೈಕಲ್ ಸವಾರರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಭೆಯ ವಿಷಯವನ್ನು ಕೇಳಿ ಊರಿನ ಕೆಲವು ದೊಡ್ಡ ಮನುಷ್ಯರು ನಕ್ಕರೆಂದು ತಿಳಿಯಿತು. "ದೇಶದಲ್ಲಿ ಎಷ್ಟೋ ಸಮಸ್ಯೆಗಳಿರುವಾಗ ಇವರಿಗೆ ಸೈಕಲ್ ನಿಲ್ಲಿಸುವ ಚಿಂತೆ" ಎಂದರಂತೆ. ನಗಲಿ. ಅವರ ಕಾರು ನಿಲ್ಲುವುದಕ್ಕೆ ಮನೆಯ ಮುಂದೆ ಜಾಗವಿದೆ, ಕಚೇರಿಯ ಮುಂದೆ ಜಾಗವಿದೆ, ಅಂಗಡಿ ಬೀದಿಯಲ್ಲಿ ಬಿಳಿ ಗೆರೆ ಎಳೆದ ಜಾಗವಿದೆ. ಜಾಗವಿದ್ದವನಿಗೆ ಜಾಗದ ಚಿಂತೆ ಬರುವುದಿಲ್ಲ. ಅದು ಬರುವುದು, ಸಂತೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿ, ತರಕಾರಿ ಕೊಳ್ಳುತ್ತಾ ಹತ್ತು ಸಲ ಹಿಂದಿರುಗಿ ನೋಡುವವನಿಗೆ.

ನಮಗೆ ಈ ಚಿಂತೆ ಹೇಗೆ ಬಂದಿತೆಂಬುದನ್ನು ಮೊದಲು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಕೆಳಗೆ ನಾವು ಒಂದು ಕಚೇರಿಗೆ ಕಾಗದವೊಂದನ್ನು ಕೊಡಲು ಹೋದೆವು. ಸೈಕಲ್ಲನ್ನು ಕಾಂಪೌಂಡಿನ ಬದಿಗೆ ನಿಲ್ಲಿಸಿ, ಹಿಂದಿನ ಚಕ್ರದ ಬೀಗವನ್ನು ಹಾಕಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದೆವು. ಅರ್ಧ ಗಂಟೆಯಾಗಿರಬಹುದು. ಹೊರಗೆ ಬಂದರೆ ಗೋಡೆ ಇತ್ತು, ಸೈಕಲ್ಲಿರಲಿಲ್ಲ. ಜೇಬಿನಲ್ಲಿ ಕೈ ಹಾಕಿದರೆ ಕೀಲಿಕೈ ಇತ್ತು. ಬೀಗ ಹಾಕಿದ್ದೆವಲ್ಲ ಎಂದು ನಾವು ಕಾವಲಿನವನೊಡನೆ ವಾದಿಸಿದೆವು. ಅವನು ಶಾಂತವಾಗಿ ಹೇಳಿದ: "ಸ್ವಾಮಿ, ನೀವು ಬೀಗ ಹಾಕಿದ್ದು ಸೈಕಲ್ಲಿಗೇ ಹೊರತು ಭೂಮಿಗಲ್ಲ. ಎತ್ತಿಕೊಂಡು ಹೋದರು."

ಆ ಒಂದು ಮಾತಿನಲ್ಲಿ ಈ ಭಾಷಣದ ಅರ್ಧ ಭಾಗ ಅಡಗಿದೆ. ಹಿಂದಿನ ಚಕ್ರಕ್ಕೆ ಹಾಕುವ ಆ ಬಳೆಬೀಗವು ಚಕ್ರ ಉರುಳದಂತೆ ತಡೆಯುತ್ತದೆ, ಅಷ್ಟೆ. ಹತ್ತಿ ಓಡಿಸುವವನನ್ನು ಅದು ನಿಲ್ಲಿಸೀತು. ಎತ್ತಿ ಗಾಡಿಗೆ ಹಾಕುವವನನ್ನು ನಿಲ್ಲಿಸಲಾರದು. ನಮ್ಮ ಸಾಮಾನ್ಯ ಸೈಕಲ್ಲಿನ ತೂಕ ಇಪ್ಪತ್ತು ಕಿಲೋ ಆಚೆ ಈಚೆ. ಗಟ್ಟಿಯಾದ ಒಬ್ಬ ಆಳು ಅದನ್ನು ಹೆಗಲಿಗೇರಿಸಬಲ್ಲ.

ನಾವು ನಷ್ಟವನ್ನು ಸಹಿಸಿಕೊಂಡೆವು. ಆದರೆ ಅದೇ ವರ್ಷ ನಮ್ಮ ಪಕ್ಕದ ಬೀದಿಯ ರಾತ್ರಿ ಕಾವಲುಗಾರನೊಬ್ಬನ ಸೈಕಲ್ಲೂ ಹೋಯಿತು. ಅವನು ಕಾಯುತ್ತಿದ್ದ ಗೋದಾಮು ಊರಾಚೆ, ಏಳು ಕಿಲೋಮೀಟರ್. ಆ ಹೊತ್ತಿನಲ್ಲಿ ಬಸ್ಸಿಲ್ಲ. ನಾಲ್ಕು ತಿಂಗಳು ಅವನು ಹೋಗುತ್ತಾ ಬರುತ್ತಾ ನಡೆದ. ತಡವಾಯಿತೆಂದು ಧಣಿಗಳು ಕೂಲಿ ಹಿಡಿದರು. ಕೂಲಿ ಕಡಮೆಯಾದುದರಿಂದ ಹೊಸ ಸೈಕಲ್ಲು ಕೊಳ್ಳುವುದು ಇನ್ನೂ ತಡವಾಯಿತು. ಇತರರ ಆಸ್ತಿಯನ್ನು ಕಾಯುವವನ ಆಸ್ತಿಯನ್ನು ಕಾಯುವವರು ಯಾರೂ ಇರಲಿಲ್ಲ.

1948ರಲ್ಲಿ ಇಟಲಿಯ ವಿಟ್ಟೋರಿಯೋ ಡಿ ಸಿಕಾ ಎಂಬ ನಿರ್ದೇಶಕರು ಇದೇ ವಸ್ತುವನ್ನಿಟ್ಟುಕೊಂಡು 'ಬೈಸಿಕಲ್ ಕಳ್ಳರು' ಎಂಬ ಚಲನಚಿತ್ರವನ್ನು ತೆಗೆದರು. ಯುದ್ಧ ಮುಗಿದ ರೋಮ್ ನಗರ. ನಿರುದ್ಯೋಗಿಯೊಬ್ಬನಿಗೆ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗುತ್ತದೆ. ಆದರೆ ಸೈಕಲ್ಲಿದ್ದವನಿಗೆ ಮಾತ್ರ ಆ ಕೆಲಸ. ಅವನ ಸೈಕಲ್ಲು ಒತ್ತೆಯಲ್ಲಿದೆ. ಹೆಂಡತಿ ಮನೆಯ ಹಾಸಿಗೆಯ ವಸ್ತ್ರಗಳನ್ನು ಒತ್ತೆಯಿಟ್ಟು ಸೈಕಲ್ಲನ್ನು ಬಿಡಿಸಿಕೊಡುತ್ತಾಳೆ. ಕೆಲಸದ ಮೊದಲನೆಯ ದಿನವೇ ಅದು ಕಳುವಾಗುತ್ತದೆ. ಆ ಚಿತ್ರವನ್ನು ಜಗತ್ತೆಲ್ಲ ಕೊಂಡಾಡಿತು. ಆದರೆ ಆ ಮನುಷ್ಯ ಏಣಿಯ ಮೇಲೆ ನಿಂತು ಭಿತ್ತಿಪತ್ರ ಅಂಟಿಸುತ್ತಿದ್ದಾಗ ಸೈಕಲ್ಲು ಎಲ್ಲಿತ್ತು? ಗೋಡೆಗೆ ಒರಗಿತ್ತು. ಅದನ್ನು ಕಟ್ಟಿಹಾಕಲು ಆ ಬೀದಿಯಲ್ಲಿ ಒಂದು ಕಬ್ಬಿಣದ ಕಂಬವಿದ್ದು, ಅವನ ಕೈಯಲ್ಲೊಂದು ಒಳ್ಳೆಯ ಬೀಗವಿದ್ದಿದ್ದರೆ ಆ ಕಥೆಯೇ ನಡೆಯುತ್ತಿರಲಿಲ್ಲ!

ಈಗಿನ ಕಾಲದಲ್ಲಿ ಸೈಕಲ್ಲು ಯಾರಲ್ಲಿದೆ ಎಂದು ಕೇಳುವವರಿಗೆ ಉತ್ತರ ಜನಗಣತಿಯಲ್ಲಿದೆ. 2011ರ ಗಣತಿಯಂತೆ ಭಾರತದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ಲಿತ್ತು. ಮೋಟಾರ್ ಸೈಕಲ್ಲೋ ಸ್ಕೂಟರೋ ಇದ್ದುದು 21 ಮನೆಗಳಲ್ಲಿ. ಕಾರು ಇದ್ದುದು ಐದಕ್ಕಿಂತ ಕಡಮೆ ಮನೆಗಳಲ್ಲಿ. ಆಮೇಲೆ ಮೋಟಾರು ವಾಹನಗಳು ಬಹಳ ಹೆಚ್ಚಿವೆ, ನಿಜ. ಆದರೂ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಬೀದಿಗೆ ಬಂದು ನೋಡಿ. ಪತ್ರಿಕೆ ಹಾಕುವ ಹುಡುಗ, ಹಾಲಿನವ, ಹೂವಿನವಳ ಗಂಡ, ಪೌರಕಾರ್ಮಿಕರು, ಪಾಳಿ ಮುಗಿಸಿ ಮನೆಗೆ ಹೋಗುವ ಕಾವಲುಗಾರ, ಇವರು ಯಾವುದರ ಮೇಲೆ ಹೋಗುತ್ತಾರೆ? ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ಲು ಹಂಚಿತು. ಕೋವಿಡ್ ಬಂದಾಗ ಆ ಹಂಚಿಕೆ ನಿಂತಿತು. ಹಂಚುತ್ತಿದ್ದಷ್ಟು ಕಾಲ ಲಕ್ಷ ಲಕ್ಷ ಮಕ್ಕಳು, ಅದರಲ್ಲೂ ಹಳ್ಳಿಯ ಹೆಣ್ಣುಮಕ್ಕಳು, ಪ್ರೌಢಶಾಲೆಯ ಬಾಗಿಲಿಗೆ ಸೈಕಲ್ಲಿನ ಮೇಲೆ ಬಂದರು. ಸೈಕಲ್ಲನ್ನು ಕೊಟ್ಟ ಕೈ ಅದನ್ನು ನಿಲ್ಲಿಸುವ ಸ್ಟ್ಯಾಂಡನ್ನು ಎಷ್ಟು ಶಾಲೆಗಳಿಗೆ ಕೊಟ್ಟಿತು? ಮರದ ಕೆಳಗೆ ಒಂದರ ಮೇಲೊಂದು ಬಿದ್ದಿರುವ ಸೈಕಲ್ಲುಗಳ ರಾಶಿಯನ್ನು ನೀವೆಲ್ಲರೂ ನೋಡಿದ್ದೀರಿ.

ಈಗ ವಿಷಯಕ್ಕೆ ಬರೋಣ. ಸೈಕಲ್ಲನ್ನು ಉಳಿಸಿಕೊಳ್ಳುವುದಕ್ಕೆ ಎರಡು ಬೇಕು: ಬೀಗ ಮತ್ತು ಜಾಗ. ಬೀಗ ನಮ್ಮ ಹೊಣೆ, ಜಾಗ ಊರಿನ ಹೊಣೆ. ಒಂದಿಲ್ಲದೆ ಮತ್ತೊಂದು ನಿಷ್ಪ್ರಯೋಜಕ.

ಮೊದಲು ನಮ್ಮ ಹೊಣೆ. ಕಳ್ಳನ ಕೆಲಸವನ್ನು ಕಳ್ಳನ ಕಣ್ಣಿನಿಂದ ನೋಡಿದರೆ ಬೀಗ ಹಾಕುವ ವಿದ್ಯೆ ತಾನಾಗಿ ಬರುತ್ತದೆ. ಅವನಿಗೆ ಬೇಕಾದದ್ದು ಎರಡು: ಸ್ವಲ್ಪ ಸಮಯ ಮತ್ತು ಸ್ವಲ್ಪ ಮರೆ. ಯಾವ ಬೀಗವೂ ಮುರಿಯಲಾರದ ಬೀಗವಲ್ಲ. ಒಳ್ಳೆಯ ಬೀಗವೆಂದರೆ ಕಳ್ಳನ ಸಮಯವನ್ನು ಹೆಚ್ಚು ತಿನ್ನುವ ಬೀಗ.

ಒಂದನೆಯದು, ಸೈಕಲ್ಲನ್ನು ಅದಕ್ಕೇ ಕಟ್ಟಬೇಡಿ; ಕದಲದ ವಸ್ತುವಿಗೆ ಕಟ್ಟಿ. ಬಳೆಬೀಗವನ್ನು ಹಾಕಿ, ಬೇಡವೆನ್ನುವುದಿಲ್ಲ. ಆದರೆ ಅದರ ಜೊತೆಗೆ ಸರಪಣಿಯನ್ನೋ 'ಯು' ಆಕಾರದ ಉಕ್ಕಿನ ಬೀಗವನ್ನೋ ಇಟ್ಟುಕೊಳ್ಳಿ.

ಎರಡನೆಯದು, ಕಟ್ಟುವ ಕಂಬವನ್ನು ಮೊದಲು ಪರೀಕ್ಷಿಸಿ. ಕೈಯಲ್ಲಿ ಹಿಡಿದು ಅಲುಗಿಸಿ. ತಲೆ ಬೋಳಾದ ಗಿಡ್ಡ ಕಂಬವಾದರೆ ಸೈಕಲ್ಲನ್ನೇ ಬೀಗದ ಸಮೇತ ಮೇಲಕ್ಕೆತ್ತಿ ಕಳಚಿಕೊಳ್ಳುತ್ತಾರೆ. ಎಳೆಯ ಗಿಡವಾದರೆ ಗಿಡವನ್ನು ಕಡಿಯುತ್ತಾರೆ. ಸೈಕಲ್ಲೂ ಹೋಯಿತು, ಮರವೂ ಹೋಯಿತು. ತಂತಿ ಬೇಲಿಯನ್ನು ಇಕ್ಕಳದಿಂದ ಕತ್ತರಿಸುವುದು ಕ್ಷಣದ ಕೆಲಸ.

ಮೂರನೆಯದು, ಚಕ್ರವೊಂದನ್ನೇ ಕಟ್ಟಬೇಡಿ, ಫ್ರೇಮನ್ನು ಕಟ್ಟಿ. ಮುಂದಿನ ಚಕ್ರಕ್ಕೆ ಮಾತ್ರ ಬೀಗ ಹಾಕಿದರೆ ಸ್ಪಾನರ್ ಇದ್ದವನು ಎರಡು ನಟ್ಟು ಬಿಚ್ಚಿ, ಚಕ್ರವನ್ನು ನಿಮಗೆ ಬಿಟ್ಟು ಉಳಿದುದನ್ನು ಒಯ್ಯುತ್ತಾನೆ. ಈಗಿನ ಹೊಸ ಮಾದರಿಯ ಸೈಕಲ್ಲುಗಳಲ್ಲಿ ಚಕ್ರವನ್ನು ಕೈಯಿಂದಲೇ ಬಿಚ್ಚುವ ಸನ್ನೆಗಳಿರುತ್ತವೆ. ಅವಕ್ಕೆ ಸ್ಪಾನರೂ ಬೇಡ. ಉತ್ತಮ ಕ್ರಮವೆಂದರೆ ಫ್ರೇಮು, ಹಿಂದಿನ ಚಕ್ರ, ಕಂಬ, ಈ ಮೂರೂ ಒಂದೇ ಬೀಗದೊಳಗೆ ಬರುವಂತೆ ಹಾಕುವುದು. ಚಿಕ್ಕ ಬೀಗವಾದರೆ ಅಮೆರಿಕದ ಹೆಸರಾಂತ ಸೈಕಲ್ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಅವರು ಹೇಳಿಕೊಟ್ಟ ಉಪಾಯವಿದೆ. 2008ರಲ್ಲಿ ತೀರಿಕೊಂಡ ಅವರು ತಮ್ಮ ವಿದ್ಯೆಯನ್ನೆಲ್ಲ ಯಾರು ಬೇಕಾದರೂ ಓದುವಂತೆ ಬರೆದಿಟ್ಟುಹೋದರು. ಆಸನದ ಕೆಳಗೆ ಹಿಂದಿನ ಚಕ್ರವನ್ನು ಹಿಡಿದಿರುವ ತ್ರಿಕೋನವಿದೆಯಲ್ಲ, ಅದರ ಒಳಗಿರುವ ಚಕ್ರದ ಭಾಗವನ್ನೂ ಕಂಬವನ್ನೂ ಸೇರಿಸಿ ಬೀಗ ಹಾಕಿದರೆ ಸಾಕು. ಬೀಗ ಫ್ರೇಮನ್ನು ಸುತ್ತದಿದ್ದರೂ, ಚಕ್ರ ಆ ತ್ರಿಕೋನದಿಂದ ಹೊರಬರಲಾರದ ಕಾರಣ ಫ್ರೇಮೂ ಬಂಧಿಯಾಗುತ್ತದೆ. ಅದನ್ನು ಬಿಡಿಸಬೇಕಾದರೆ ರಿಮ್ಮನ್ನೇ ಕೊಯ್ಯಬೇಕು. ಕೊಯ್ದರೆ ಸೈಕಲ್ಲಿನ ಬೆಲೆಬಾಳುವ ಭಾಗವನ್ನೇ ಅವನು ಹಾಳುಮಾಡಿಕೊಂಡಂತೆ.

ನಾಲ್ಕನೆಯದು, ಬೀಗದೊಳಗೆ ಖಾಲಿ ಜಾಗವನ್ನು ಬಿಡಬೇಡಿ. ಸಡಿಲವಾದ ಬೀಗದಲ್ಲಿ ಹಾರೆ ತೂರಿಸಿ ಮೀಟಲು ಅನುಕೂಲ. ಹಾಗೆಯೇ ಬೀಗವನ್ನು ನೆಲಕ್ಕೆ ತಾಗುವಂತೆ ಬಿಡಬೇಡಿ. ನೆಲವೇ ಅಡಿಗಲ್ಲಾಗಿ ಸುತ್ತಿಗೆಯ ಪೆಟ್ಟು ಪೂರ್ತಿ ಬೀಳುತ್ತದೆ. ಗಾಳಿಯಲ್ಲಿ ತೂಗುವ ಬೀಗಕ್ಕೆ ಹೊಡೆದರೆ ಪೆಟ್ಟು ಜಾರುತ್ತದೆ. ಬೀಗದ ಬಾಯಿ ಕೆಳಮುಖವಾಗಿರಲಿ. ಮಳೆನೀರು, ಧೂಳು ತುಂಬುವುದಿಲ್ಲ.

ಐದನೆಯದು, ಬೀಗದ ಬೆಲೆಯನ್ನೂ ಹೆಸರನ್ನೂ ಕುರುಡಾಗಿ ನಂಬಬೇಡಿ. ಪ್ಲಾಸ್ಟಿಕ್ಕಿನ ಹೊದಿಕೆಯಿಂದ ದಪ್ಪವಾಗಿ ಕಾಣುವ ಕೇಬಲ್ಲಿನ ಒಳಗೆ ಬೆರಳಿಗಿಂತ ತೆಳುವಾದ ತಂತಿ ಇರುವುದುಂಟು. 2004ರಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರ ನಡೆಯಿತು. ಕ್ರಿಪ್ಟೊನೈಟ್ ಎಂಬ ಪ್ರಖ್ಯಾತ ಕಂಪೆನಿಯ ದುಬಾರಿ 'ಯು' ಬೀಗಗಳಲ್ಲಿ ದುಂಡನೆಯ ಕೀಲಿಕೈ ಹಾಕುವ ಕೆಲವು ಮಾದರಿಗಳಿದ್ದವು. ಅವನ್ನು ಒಂದು ಅಗ್ಗದ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯನ್ನು ತೂರಿಸಿ ತಿರುಗಿಸಿದರೆ ತೆರೆಯಬಹುದೆಂದು ಬಯಲಾಯಿತು. ಕಂಪೆನಿ ಆ ಬೀಗಗಳನ್ನು ಬದಲಾಯಿಸಿಕೊಡಬೇಕಾಯಿತು. ಉಕ್ಕು ಗಟ್ಟಿಯಾಗಿದ್ದರೆ ಸಾಲದು, ಕೀಲಿಯ ಕಣ್ಣೂ ಗಟ್ಟಿಯಾಗಿರಬೇಕು. ನಾವಾದರೋ ದುಬಾರಿ ಬೀಗ ಕೊಳ್ಳಲಾರೆವು. ನಮಗೆ ಗುಜರಿ ಅಂಗಡಿಯಲ್ಲಿ ಸಿಗುವ ದಪ್ಪ ಕೊಂಡಿಯ ಸರಪಣಿ, ಹಳೆಯ ಟ್ಯೂಬಿನ ಹೊದಿಕೆ, ಒಂದು ಗಟ್ಟಿ ಬೀಗ, ಇಷ್ಟು ಸಾಕು. ಟ್ಯೂಬು ಹೊದಿಸಿದರೆ ಸೈಕಲ್ಲಿನ ಬಣ್ಣವೂ ಕೆಡುವುದಿಲ್ಲ.

ಇಷ್ಟು ನಮ್ಮ ಹೊಣೆ. ಆದರೆ ಗೆಳೆಯರೇ, "ಕದಲದ ವಸ್ತುವಿಗೆ ಕಟ್ಟಿ" ಎಂದೆವಲ್ಲ, ಆ ಕದಲದ ವಸ್ತು ಎಲ್ಲಿದೆ? ನಮ್ಮ ಊರಿನ ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ವಾಚನಾಲಯದಲ್ಲಿ ತೋರಿಸಿಕೊಡಿ.

ಹಿಂದೆ ಒಂದು ವ್ಯವಸ್ಥೆ ಇತ್ತು. ರೈಲ್ವೆ ಸ್ಟೇಷನ್ನಿನಲ್ಲಿ, ಸಿನೆಮಾ ಟಾಕೀಸಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸೈಕಲ್ ಸ್ಟ್ಯಾಂಡುಗಳಿದ್ದವು. ಒಬ್ಬ ಮನುಷ್ಯ ಕುಳಿತಿರುತ್ತಿದ್ದ. ಹ್ಯಾಂಡಲಿಗೆ ಒಂದು ಬಿಲ್ಲೆ, ನಿಮ್ಮ ಕೈಗೊಂದು ಬಿಲ್ಲೆ. ಕೊಂಚ ಕಾಸು ಕೊಟ್ಟರೆ ಸಿನೆಮಾವನ್ನು ನಿಶ್ಚಿಂತೆಯಿಂದ ನೋಡಬಹುದಾಗಿತ್ತು. ಬೀಗಕ್ಕಿಂತ ದೊಡ್ಡ ಬೀಗ ಮನುಷ್ಯನ ಕಣ್ಣು. ಆ ಸ್ಟ್ಯಾಂಡುಗಳು ಬಹುಮಟ್ಟಿಗೆ ಮೋಟಾರ್ ಸೈಕಲ್ಲುಗಳ ಪಾಲಾದವು. ಟೆಂಡರು ಹಿಡಿದವನಿಗೆ ಮೋಟಾರ್ ಸೈಕಲ್ಲಿನಿಂದ ಬರುವ ಹಣ ಹೆಚ್ಚು. ಸೈಕಲ್ಲಿನವನನ್ನು "ಆ ಮೂಲೆಗೆ ಹಾಕು" ಎನ್ನುತ್ತಾನೆ. ಅವನನ್ನು ದೂರಿ ಫಲವಿಲ್ಲ. ಟೆಂಡರಿನ ಕರಾರಿನಲ್ಲಿ ಸೈಕಲ್ಲಿಗೆ ಇಷ್ಟು ಜಾಗವೆಂದು ಬರೆಯದಿದ್ದವರನ್ನು ಕೇಳಬೇಕು.

ಎರಡು ವರ್ಷದ ಕೆಳಗೆ ನಾವು ಕೆಲವರು ಒಂದು ಸಾರ್ವಜನಿಕ ಕಚೇರಿಗೆ ಹೋಗಿ ಸೈಕಲ್ ಸ್ಟ್ಯಾಂಡು ಬೇಕೆಂದು ಕೇಳಿದೆವು. ಆರು ತಿಂಗಳಾದ ಮೇಲೆ ಒಂದು ಸ್ಟ್ಯಾಂಡು ಬಂದಿತು. ಎಲ್ಲಿ? ಕಟ್ಟಡದ ಹಿಂದೆ, ಶೌಚಾಲಯದ ಪಕ್ಕದಲ್ಲಿ, ದೀಪವಿಲ್ಲದ ಕಡೆ. ಎಂತಹದು? ನೆಲಕ್ಕೆ ಹತ್ತಿದಂತೆ ಗೇಣೆತ್ತರದ ಕಬ್ಬಿಣದ ಸಂದುಗಳು; ಆ ಸಂದಿನಲ್ಲಿ ಮುಂದಿನ ಚಕ್ರವನ್ನು ತೂರಿಸಬೇಕು. ಯಾರೂ ಅಲ್ಲಿಗೆ ಹೋಗಲಿಲ್ಲ. ವರ್ಷದ ಕೊನೆಗೆ "ಸಾರ್ವಜನಿಕರು ಉಪಯೋಗಿಸುತ್ತಿಲ್ಲ" ಎಂದು ಬರೆದು ಅದನ್ನು ಕಿತ್ತು ಗುಜರಿಗೆ ಹಾಕಿದರು. ನಮ್ಮ ಬೇಡಿಕೆಯನ್ನು ನಿರಾಕರಿಸಿದ್ದರೆ ನಾವು ಮತ್ತೆ ಕೇಳಬಹುದಾಗಿತ್ತು. ಕೆಟ್ಟದ್ದನ್ನು ಕೊಟ್ಟು, ಅದನ್ನು ನಾವು ಬಳಸಲಿಲ್ಲವೆಂದು ತೋರಿಸಿ, ಬೇಡಿಕೆಯೇ ಇಲ್ಲವೆಂದು ಸಾಧಿಸಿದರು. ಮುಳ್ಳಿನ ಚಾಪೆ ಹಾಸಿ, ಅತಿಥಿಗೆ ನಿದ್ರೆಯ ಅಗತ್ಯವಿಲ್ಲವೆಂದು ಹೇಳಿದಂತಾಯಿತು. ಆದುದರಿಂದ ಈ ಸಲ "ಸ್ಟ್ಯಾಂಡು ಬೇಕು" ಎಂದು ಮಾತ್ರ ಕೇಳಿದರೆ ಸಾಲದು; ಎಂತಹ ಸ್ಟ್ಯಾಂಡು, ಎಲ್ಲಿ, ಯಾವ ಅಳತೆಯದು ಎಂಬುದನ್ನೆಲ್ಲ ನಾವೇ ಬರೆದು ಕೊಡಬೇಕು.

ಚಕ್ರ ಹಿಡಿಯುವ ಆ ಸ್ಟ್ಯಾಂಡು ಏಕೆ ಕೆಟ್ಟದ್ದು? ಅದು ಸೈಕಲ್ಲನ್ನು ಒಂದೇ ಕಡೆ, ಅದೂ ಅತ್ಯಂತ ದುರ್ಬಲವಾದ ಕಡೆ ಹಿಡಿಯುತ್ತದೆ. ಚಕ್ರದ ಕಡ್ಡಿಗಳು ಮೇಲಿನಿಂದ ಬರುವ ಭಾರವನ್ನು ಎಷ್ಟು ಬೇಕಾದರೂ ಹೊರುತ್ತವೆ, ಪಕ್ಕದಿಂದ ಬರುವ ಭಾರವನ್ನು ಹೊರಲಾರವು. ಪಕ್ಕದ ಸೈಕಲ್ಲು ತಗುಲಿದರೆ, ಒಂದು ದನ ಮೈ ಉಜ್ಜಿದರೆ, ಸೈಕಲ್ಲು ವಾಲುತ್ತದೆ, ರಿಮ್ಮು ಸೊಟ್ಟಗಾಗುತ್ತದೆ. ಅಲ್ಲಿ ಕಟ್ಟಬಹುದಾದುದು ಮುಂದಿನ ಚಕ್ರವೊಂದನ್ನೇ. ಫ್ರೇಮಿಗೆ ಅದು ಎಟುಕುವುದಿಲ್ಲ. ಅಂದರೆ ಆ ಸ್ಟ್ಯಾಂಡನ್ನು ಮಾಡಿಸಿದವನು ಸೈಕಲ್ಲನ್ನು ನಿಲ್ಲಿಸುವುದನ್ನು ಕುರಿತು ಯೋಚಿಸಿದ್ದಾನೆ. ಹಿಂದಿರುಗಿ ಬಂದಾಗ ಅದು ಇರಬೇಕೆಂಬುದನ್ನು ಕುರಿತು ಯೋಚಿಸಿಲ್ಲ.

ಒಳ್ಳೆಯ ಸ್ಟ್ಯಾಂಡಿನ ಲಕ್ಷಣ ಎರಡೇ ಮಾತು: ಸೈಕಲ್ಲಿನ ಫ್ರೇಮನ್ನು ಎರಡು ಕಡೆ ಆನಿಸಬೇಕು, ಫ್ರೇಮಿಗೂ ಒಂದು ಚಕ್ರಕ್ಕೂ ಬೀಗ ಹಾಕಲು ಬರಬೇಕು. ಇದಕ್ಕೆ ಯಂತ್ರ ಬೇಕಿಲ್ಲ, ವಿದೇಶದ ಪರಿಣತರು ಬೇಕಿಲ್ಲ. ಒಂದು ಕಬ್ಬಿಣದ ಪೈಪನ್ನು ಬಗ್ಗಿಸಿ, ಬೋರಲು ಹಾಕಿದ 'ಯು' ಅಕ್ಷರದಂತೆ ನೆಲದಲ್ಲಿ ನೆಟ್ಟರೆ ಮುಗಿಯಿತು. ಇಂಗ್ಲೆಂಡಿನಲ್ಲಿ ಇದಕ್ಕೆ ಆ ದೇಶದ ಉಕ್ಕಿನ ಊರಾದ ಶೆಫೀಲ್ಡಿನ ಹೆಸರಿದೆ. ಶೆಫೀಲ್ಡ್ ಸ್ಟ್ಯಾಂಡ್ ಎನ್ನುತ್ತಾರೆ. ಅಲ್ಲಿನ ನಗರಗಳಲ್ಲಿ ದಶಕಗಳಿಂದ ಇದೇ ನಡೆದುಬಂದಿದೆ. ಇದಕ್ಕಿಂತ ಚೆಂದವಾಗಿ ಕಾಣುವ ಅಲೆಯಾಕಾರದ್ದು, ಸುರುಳಿಯಾಕಾರದ್ದು ಬಹಳ ಬಂದವು. ಕೆಲಸದಲ್ಲಿ ಇದನ್ನು ಮೀರಿಸಲಿಲ್ಲ.

ಅಳತೆ ಕೇಳಿ, ವೆಲ್ಡಿಂಗ್ ಅಂಗಡಿಯ ಅಣ್ಣಂದಿರು ಬರೆದುಕೊಳ್ಳಬಹುದು. ಪೈಪಿನ ದಪ್ಪ ಎರಡು ಅಂಗುಲದ ಆಸುಪಾಸು. ನೆಲದಿಂದ ಎತ್ತರ 75 ಸೆಂಟಿಮೀಟರ್, ಅಗಲವೂ ಸುಮಾರು ಅಷ್ಟೇ. ಎರಡು ಕಾಲುಗಳೂ ಕಾಂಕ್ರೀಟಿನೊಳಗೆ 30 ಸೆಂಟಿಮೀಟರ್ ಹುಗಿಯಬೇಕು. ಎಲ್ಲ ಕೂಡಿಸಿದರೆ 285 ಸೆಂಟಿಮೀಟರ್. ಆರು ಮೀಟರಿನ ಒಂದು ಪೈಪಿನಲ್ಲಿ ಎರಡು ಸ್ಟ್ಯಾಂಡು ಆಗಿ, 30 ಸೆಂಟಿಮೀಟರ್ ಉಳಿಯುತ್ತದೆ. ಆ ತುಂಡನ್ನು ಎಸೆಯಬೇಡಿ. ಕತ್ತರಿಸಿ ಹುಗಿಯುವ ಕಾಲಿಗೆ ಅಡ್ಡಲಾಗಿ ಬೆಸೆದರೆ ಯಾರೂ ಮೇಲಕ್ಕೆ ಕೀಳಲಾರರು. ನೆಲದ ಮೇಲೆ ತಟ್ಟೆಯಿಟ್ಟು ಬೋಲ್ಟು ಹಾಕಿ ನಿಲ್ಲಿಸುವುದು ಸುಲಭ. ಆದರೆ ಬೋಲ್ಟು ಹಾಕಿದ್ದನ್ನು ಸ್ಪಾನರು ಬಿಚ್ಚುತ್ತದೆ. ಒಂದು ಸ್ಟ್ಯಾಂಡಿಗೆ ಆ ಕಡೆಗೊಂದು ಈ ಕಡೆಗೊಂದು, ಎರಡು ಸೈಕಲ್ಲು. ಅಂದರೆ ಒಂದೇ ಒಂದು ಪೈಪಿಗೆ ನಾಲ್ಕು ಕುಟುಂಬಗಳ ಸೈಕಲ್ಲು ಭದ್ರವಾಯಿತು.

ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಕಡಮೆಯೆಂದರೆ ಒಂದು ಮೀಟರ್ ಬಿಡಬೇಕು. ಇನ್ನೂ ಹತ್ತಿರ ನೆಟ್ಟರೆ ಲೆಕ್ಕಕ್ಕೆ ಹೆಚ್ಚು, ಉಪಯೋಗಕ್ಕೆ ಕಡಮೆ. ಹ್ಯಾಂಡಲಿಗೆ ಹ್ಯಾಂಡಲು ಸಿಕ್ಕಿಕೊಳ್ಳುತ್ತದೆ. ನಮ್ಮ ಸೈಕಲ್ಲುಗಳಿಗೆ ಹಾಲಿನ ಕ್ಯಾನು ಇದೆ, ತರಕಾರಿಯ ಬುಟ್ಟಿ ಇದೆ, ಅಗಲವಾದ ಕ್ಯಾರಿಯರು ಇದೆ. ನಮ್ಮ ಊರಿಗೆ ಇನ್ನೂ ಒಂದಿಷ್ಟು ಹೆಚ್ಚು ಬಿಟ್ಟರೆ ಒಳ್ಳೆಯದು. ಮಕ್ಕಳ ಮತ್ತು ಹೆಂಗಸರ ಸೈಕಲ್ಲುಗಳಲ್ಲಿ ಮೇಲಿನ ದಂಡವಿರುವುದಿಲ್ಲ, ಇದ್ದರೂ ಕೆಳಗಿರುತ್ತದೆ; ಅವಕ್ಕಾಗಿ ಸ್ಟ್ಯಾಂಡಿನ ನಡುವೆ ಒಂದು ಅಡ್ಡಪಟ್ಟಿ ಬೆಸೆಯಬೇಕು. ಶಾಲೆಯಲ್ಲಂತೂ ಅದು ಇರಲೇಬೇಕು.

ಇನ್ನು ಜಾಗ. ಕಟ್ಟಡದ ಬಾಗಿಲಿಗೆ ಹತ್ತಿರ, ಬರುವವರು ಹೋಗುವವರ ಕಣ್ಣೆದುರಿಗೆ, ರಾತ್ರಿ ದೀಪದ ಕೆಳಗೆ. ಕಳ್ಳನಿಗೆ ಮರೆ ಬೇಕು ಎಂದೆವಲ್ಲ. ಮರೆಯನ್ನು ತೆಗೆದುಬಿಡಿ, ಅರ್ಧ ಕಾವಲು ಆಯಿತು. ಮೇಲೊಂದು ತಗಡಿನ ಚಾವಣಿಯಿದ್ದರೆ ಸೀಟು ಸುಡುವುದಿಲ್ಲ, ಮಳೆಗಾಲದಲ್ಲಿ ಚೈನು ತುಕ್ಕು ಹಿಡಿಯುವುದಿಲ್ಲ. ಆದರೆ ಪಾದಚಾರಿಗಳ ದಾರಿಯಲ್ಲಿ ಮಾತ್ರ ನೆಡಕೂಡದು. ಕುರುಡರು, ಮುದುಕರು, ಮಗುವನ್ನು ಎತ್ತಿಕೊಂಡ ತಾಯಿ ನಡೆಯುವ ಜಾಗ ಅದು. ಬಡವನ ಜಾಗವನ್ನು ಕಿತ್ತು ಬಡವನಿಗೆ ಕೊಡುವ ನ್ಯಾಯ ನಮಗೆ ಬೇಡ.

ಹಾಗಾದರೆ ಜಾಗ ಎಲ್ಲಿಂದ ಬರಬೇಕು? ಲೆಕ್ಕ ಹಾಕೋಣ. ಒಂದು ಕಾರು ನಿಲ್ಲಲು ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಜಾಗ ಬೇಕು. ಅದೇ ಜಾಗದಲ್ಲಿ ಮೀಟರಿಗೊಂದರಂತೆ ಐದು ಸ್ಟ್ಯಾಂಡು ನೆಟ್ಟರೆ ಹತ್ತು ಸೈಕಲ್ಲು ನಿಲ್ಲುತ್ತವೆ. ಕಾರಿನಲ್ಲಿ ಬಹುಪಾಲು ಬರುವುದು ಒಬ್ಬರೋ ಇಬ್ಬರೋ. ಹತ್ತು ಸೈಕಲ್ಲಿನಲ್ಲಿ ಬರುವುದು ಹತ್ತು ಮಂದಿ. ರಸ್ತೆ ಎಲ್ಲರ ತೆರಿಗೆಯಿಂದ ಆದದ್ದು. ಬಡವನಿಂದ ಹಿಡಿದು ಎಲ್ಲರೂ ಕೊಟ್ಟ ಹಣ. ನಾವು ಕೇಳುವುದು ಇಡೀ ಬೀದಿಯನ್ನಲ್ಲ. ಸಂತೆಯ ಹತ್ತಿರ ಎರಡು ಕಾರಿನ ಜಾಗ, ಆಸ್ಪತ್ರೆಯ ಹತ್ತಿರ ಒಂದು, ವಾಚನಾಲಯದ ಹತ್ತಿರ ಒಂದು. ನಾಲ್ಕು ಕಾರಿನ ಜಾಗದಲ್ಲಿ ನಲವತ್ತು ಸೈಕಲ್ಲು.

ಇದು ಆಗದ ಮಾತೆನ್ನುವವರು ಹೊರಗಿನ ಲೋಕವನ್ನು ನೋಡಲಿ. ಹಾಲೆಂಡಿನ ಉಟ್ರೆಕ್ಟ್ ಎಂಬ ನಗರದ ರೈಲ್ವೆ ನಿಲ್ದಾಣದ ಕೆಳಗೆ 12,500 ಸೈಕಲ್ಲುಗಳು ನಿಲ್ಲುವ ನಿಲ್ದಾಣ 2019ರಲ್ಲಿ ಪೂರ್ತಿಯಾಯಿತು. ಆಂಸ್ಟರ್‌ಡ್ಯಾಮಿನಲ್ಲಿ 2023ರಲ್ಲಿ ನೀರಿನ ಕೆಳಗೆ 7,000 ಸೈಕಲ್ಲುಗಳ ನಿಲ್ದಾಣವನ್ನು ತೆರೆದರು. ಎರಡರಲ್ಲೂ ಮೊದಲ ಇಪ್ಪತ್ತನಾಲ್ಕು ಗಂಟೆ ಉಚಿತವೆಂದು ಗೊತ್ತುಮಾಡಿದರು. ಅಲ್ಲಿಯೂ ಇದು ಆಕಾಶದಿಂದ ಉದುರಿದ್ದಲ್ಲ. ಅಲ್ಲಿಯೂ ಕಾರುಗಳು ಬೀದಿಗಳನ್ನು ನುಂಗುತ್ತಿದ್ದ ಕಾಲವಿತ್ತು. 1970ರ ದಶಕದಲ್ಲಿ ಮಕ್ಕಳ ತಂದೆತಾಯಿಗಳು ಬೀದಿಗಿಳಿದು ಹೋರಾಡಿದರು.

ಅದೇ ಆಂಸ್ಟರ್‌ಡ್ಯಾಮಿನಲ್ಲಿ 1965ರಲ್ಲಿ 'ಪ್ರೊವೊ' ಎಂಬ ತರುಣರ ಗುಂಪೊಂದು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿ ಬಿಟ್ಟಿತು. ಯಾರಿಗೆ ಬೇಕೋ ಅವರು ಹತ್ತಿ ಹೋಗಿ, ಮುಟ್ಟಿದ ಕಡೆ ಬಿಟ್ಟುಬಿಡಬೇಕು. ಅದು ಎಲ್ಲರ ಸೊತ್ತು. ಪೊಲೀಸರು ಅವನ್ನು ಜಪ್ತಿ ಮಾಡಿದರು. ಕಾರಣ? ಸೈಕಲ್ಲಿಗೆ ಬೀಗ ಹಾಕದೆ ಬಿಡುವುದು ಕಾನೂನಿಗೆ ವಿರುದ್ಧ! ಆ ತರುಣರ ಕನಸು ಅಂದು ಉಳಿಯಲಿಲ್ಲ, ಆದರೆ ಬೀಜ ಉಳಿಯಿತು. ನಮ್ಮ ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ ಆರಂಭವಾದ 'ಟ್ರಿಣ್ ಟ್ರಿಣ್' ಆ ಬೀಜದಿಂದ ಬಂದ ಗಿಡವೇ. ಆರಂಭದಲ್ಲಿ ಅದರ ಹೆಚ್ಚುಗಾರಿಕೆ ಏನಾಗಿತ್ತು? ಸೈಕಲ್ಲು ನೆಲಕ್ಕೆ ನೆಟ್ಟ ಕಂಬಕ್ಕೇ ಬೀಗವಾಗುತ್ತಿತ್ತು. ಕಾರ್ಡು ತೋರಿಸಿದರೆ ಬಿಡುತ್ತಿತ್ತು, ಮತ್ತೊಂದು ನಿಲ್ದಾಣದಲ್ಲಿ ಹಿಡಿದುಕೊಳ್ಳುತ್ತಿತ್ತು. ಅದೇ ಕಾಲದಲ್ಲಿ ಬೇರೆ ಕೆಲವು ಕಂಪೆನಿಗಳು ಕಂಬದ ಖರ್ಚನ್ನು ಉಳಿಸಲು, ಬಳೆಬೀಗದಿಂದ ತನಗೆ ತಾನೇ ಬೀಗ ಹಾಕಿಕೊಳ್ಳುವ ಸೈಕಲ್ಲುಗಳನ್ನು ಊರೂರಿನಲ್ಲಿ ಬಿಟ್ಟವು. ಚೀನಾದ ನಗರಗಳಲ್ಲಿ ಅವು ಬೆಟ್ಟದಂತೆ ರಾಶಿ ಬಿದ್ದವು. ಅವುಗಳಲ್ಲೊಂದಾದ 'ಓಫೋ' ನಮ್ಮ ದೇಶಕ್ಕೂ ಬಂದು 2018ರಲ್ಲಿ ಗಂಟುಮೂಟೆ ಕಟ್ಟಿತು. ನಮ್ಮ ಕಚೇರಿಯ ಕಾವಲಿನವನು ಹೇಳಿದ ಮಾತನ್ನು ದೊಡ್ಡ ದೊಡ್ಡ ಬಂಡವಾಳಗಾರರೂ ಕಲಿಯಬೇಕಾಗಿತ್ತು: ಬೀಗವನ್ನು ಭೂಮಿಗೆ ಹಾಕಬೇಕು.

ಬೆಂಗಳೂರಿನ ಅನುಭವವೂ ನಮಗೆ ಪಾಠ. ಜಯನಗರದಲ್ಲಿ ಸುಮಾರು 2012ರಲ್ಲಿ ಸೈಕಲ್ಲಿಗೆಂದು ದಾರಿ ಗುರುತುಮಾಡಿದರು. ಆ ದಾರಿಯ ಮೇಲೆ ಕಾರುಗಳು ನಿಂತವು. ಬಣ್ಣ ಬಳಿದ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ. ನೆಲದಲ್ಲಿ ಹುಗಿದ ಕಬ್ಬಿಣವೇ ಬೇರೆ; ಅದರ ಮೇಲೆ ಕಾರು ನಿಲ್ಲಲಾರದು. 2021ರಲ್ಲಿ ನಮ್ಮ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯವು ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕುಗಳಿಗಾಗಿ ಒಂದು ಮಸೂದೆಯ ಕರಡನ್ನು ಸಿದ್ಧಪಡಿಸಿತು. ಒಳ್ಳೆಯದು. ಆದರೆ ಕರಡಿಗೆ ಸೈಕಲ್ಲನ್ನು ಕಟ್ಟಲು ಬರುವುದಿಲ್ಲವಲ್ಲ!

ಇಷ್ಟೆಲ್ಲ ಏಕೆ, ಕಳುವಾದರೆ ಪೊಲೀಸರಿದ್ದಾರಲ್ಲ ಎನ್ನುವವರಿಗೆ ಒಂದು ಮಾತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರ 303ನೆಯ ಪ್ರಕರಣದಂತೆ 5,000 ರೂಪಾಯಿಗಿಂತ ಕಡಮೆ ಬೆಲೆಯ ವಸ್ತುವನ್ನು ಕದ್ದು ಮೊದಲನೆಯ ಸಲ ಅಪರಾಧಿಯೆನಿಸಿದವನು, ವಸ್ತುವನ್ನೋ ಬೆಲೆಯನ್ನೋ ಹಿಂದಕ್ಕೆ ಕೊಟ್ಟರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಇದರಲ್ಲಿ ನಮಗೆ ಆಕ್ಷೇಪಣೆಯಿಲ್ಲ. ಹಸಿದವನನ್ನು ಸೆರೆಮನೆಗೆ ನೂಕಬೇಕೆಂದು ನಾವು ಹೇಳುವವರಲ್ಲ. ಆದರೆ ಇಂತಹ ಸಣ್ಣ ಬೆಲೆಯ ಕಳವನ್ನು ಹೊಸ ಕಾರ್ಯವಿಧಾನದಲ್ಲಿ ಅಸಂಜ್ಞೇಯ ಅಪರಾಧಗಳ ಪಟ್ಟಿಗೆ ಸೇರಿಸಿದ್ದಾರೆ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾರರು. ಠಾಣೆಯ ಪುಸ್ತಕದಲ್ಲಿ ಬರೆದುಕೊಂಡು ನಿಮ್ಮನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸುತ್ತಾರೆ. ಎಂಟು ವರ್ಷ ತುಳಿದ ಕಾವಲುಗಾರನ ಸೈಕಲ್ಲಿಗೆ ಐದು ಸಾವಿರ ಬೆಲೆ ಯಾರು ಕಟ್ಟುತ್ತಾರೆ? ಗುಜರಿಯವನ ತಕ್ಕಡಿಯಲ್ಲಿ ಅದು ಕೆಲವು ನೂರು ರೂಪಾಯಿ. ಅವನ ಬಾಳಿನ ತಕ್ಕಡಿಯಲ್ಲಿ ಅದು ನಾಲ್ಕು ತಿಂಗಳ ನಡಿಗೆ. ಕಾನೂನಿನ ಕೈಯಲ್ಲಿರುವುದು ಮೊದಲನೆಯ ತಕ್ಕಡಿ.

ಆದುದರಿಂದ ಈ ರಾತ್ರಿಯೇ ಮನೆಗೆ ಹೋಗಿ ಒಂದು ಕೆಲಸ ಮಾಡಿ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಪೆಡಲಿನ ಅಚ್ಚಿನ ಕೆಳಗೋ ಸೀಟಿನ ದಂಡದ ಮೇಲೋ ಒತ್ತಿರುವ ಫ್ರೇಮಿನ ನಂಬರನ್ನು ಹುಡುಕಿ ಬರೆದಿಟ್ಟುಕೊಳ್ಳಿ. ಕೊಂಡ ರಸೀದಿಯನ್ನು ಜೋಪಾನವಾಗಿಡಿ. ಫೋನಿದ್ದವರು ಒಂದು ಚಿತ್ರ ತೆಗೆದಿಡಿ. ಕಳುವಾದರೆ ಬರೆದ ದೂರನ್ನೇ ಕೊಡಿ. ಪ್ರಥಮ ವರ್ತಮಾನ ವರದಿ ದಾಖಲಾದರೆ ಅದರ ಪ್ರತಿಯನ್ನು ಹಣವಿಲ್ಲದೆ ಪಡೆಯುವುದು ನಿಮ್ಮ ಹಕ್ಕು. ಇನ್ನು ರಸೀದಿಯಿಲ್ಲದೆ ಅಗ್ಗಕ್ಕೆ ಬರುವ ಸೈಕಲ್ಲನ್ನು ನಾವು ಕೊಳ್ಳಕೂಡದು. ಇದನ್ನು ಕಟುವಾಗಿಯೇ ಹೇಳುತ್ತೇವೆ. ನಮ್ಮಲ್ಲಿ ಒಬ್ಬನ ಸೈಕಲ್ಲು ಕಳುವಾದರೆ ಅದನ್ನು ಕೊಳ್ಳುವವನು ಶ್ರೀಮಂತನಲ್ಲ, ನಮ್ಮಲ್ಲೇ ಮತ್ತೊಬ್ಬ.

ಕಡೆಯದಾಗಿ, ನಾಳೆಯ ಕಾರ್ಯಕ್ರಮ. ಬೆಳಿಗ್ಗೆ ಹನ್ನೊಂದು ಗಂಟೆಗೆ ನಾವು ಪುರಸಭೆಗೆ ಹೋಗಿ ಮನವಿ ಒಪ್ಪಿಸುತ್ತೇವೆ. ಬೇಡಿಕೆಗಳು ನಾಲ್ಕು. ಸಂತೆ, ಆಸ್ಪತ್ರೆ, ವಾಚನಾಲಯಗಳಲ್ಲಿ ನಾವು ಕೊಡುವ ಅಳತೆಯಂತೆ ಇಪ್ಪತ್ತು ಸ್ಟ್ಯಾಂಡುಗಳನ್ನು ನೆಡಬೇಕು. ಬಸ್ ನಿಲ್ದಾಣದ ವಾಹನ ನಿಲುಗಡೆಯ ಟೆಂಡರಿನಲ್ಲಿ ಸೈಕಲ್ಲಿಗೆ ಜಾಗವನ್ನೂ ಕಾಯುವವನನ್ನೂ ಕರಾರಾಗಿ ಸೇರಿಸಬೇಕು. ಹೊಸ ಕಟ್ಟಡಗಳಿಗೆ ಅನುಮತಿ ಕೊಡುವಾಗ ಕಾರಿನ ಜಾಗವನ್ನು ಕೇಳುವಂತೆ ಸೈಕಲ್ಲಿನ ಜಾಗವನ್ನೂ ಕೇಳಬೇಕು. ಪ್ರೌಢಶಾಲೆಗಳಿಗೆ ಸ್ಟ್ಯಾಂಡು ಕೊಡುವಂತೆ ಪುರಸಭೆ ಮೇಲಿನವರಿಗೆ ಬರೆಯಬೇಕು. ಇಪ್ಪತ್ತು ಸ್ಟ್ಯಾಂಡಿಗೆ ಹತ್ತು ಪೈಪು. ಹತ್ತು ಪೈಪು ಕೊಳ್ಳಲಾರದಷ್ಟು ಬಡತನ ಯಾವ ಪುರಸಭೆಗೂ ಬಂದಿಲ್ಲ. ಬೆಸೆಯುವ ಕೂಲಿಯನ್ನು ತಾವು ಬಿಟ್ಟುಕೊಡುವುದಾಗಿ ವೆಲ್ಡಿಂಗ್ ಅಂಗಡಿಯ ಗೆಳೆಯರು ಈಗಾಗಲೇ ನಮಗೆ ಹೇಳಿದ್ದಾರೆ.

ಎಲ್ಲರೂ ಸೈಕಲ್ಲಿನ ಮೇಲೆಯೇ ಬನ್ನಿ. ಪುರಸಭೆಯ ಮುಂದೆ ನೂರು ಸೈಕಲ್ಲು ಬಂದರೆ, ಎಲ್ಲಿ ನಿಲ್ಲಿಸುತ್ತೀರಿ ಎಂದು ಅವರೇ ನಮ್ಮನ್ನು ಕೇಳುತ್ತಾರೆ. ನಾವು ಹೇಳಬೇಕಾದುದೂ ಅದೇ: "ಸ್ವಾಮಿ, ಅದನ್ನು ಕೇಳುವುದಕ್ಕೇ ಬಂದಿದ್ದೇವೆ."

ಕಳುವಾದ ನಮ್ಮ ಸೈಕಲ್ಲಿನ ಕೀಲಿಕೈ ಇಂದಿಗೂ ಮನೆಯ ಗೋಡೆಯ ಮೊಳೆಗೆ ತೂಗುತ್ತಿದೆ. ಮನೆಯವರು ಅದನ್ನು ಎಸೆಯೆಂದರು. ನಾವು ಎಸೆದಿಲ್ಲ. ಈ ಊರಿನ ಸಂತೆಯಲ್ಲಿ ಮೊದಲನೆಯ ಸ್ಟ್ಯಾಂಡು ನೆಟ್ಟ ದಿನ ಎಸೆಯುತ್ತೇವೆಂದು ಹೇಳಿದ್ದೇವೆ. ಆ ದಿನ ಬೇಗ ಬರುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ.